ಗಡಿಯಂಚಿನ ಹಳ್ಳಿಗಳೂ ಕಂದಾಯದ ಮಾಫಿಯೂ



ಸರಕಾರಕ್ಕೆ ಕಂದಾಯ ಸಲ್ಲಿಸುವುದು ಪ್ರಜೆಯ ಧರ್ಮ. ಮಳೆ ಹೋಗಿ ಬೆಳೆ ಕೆಟ್ಟ ವರುಷ ಆ ಕಂದಾಯವನ್ನು ಬಿಟ್ಟುಕೊಡುವುದು ಸರಕಾರದ ಧರ್ಮ. ಇವೆರಡರಲ್ಲಿ ಮೊದಲನೆಯದನ್ನು ನಮ್ಮ ಗಡಿಯಂಚಿನ ಹಳ್ಳಿಗಳು ತಲೆತಲಾಂತರದಿಂದ ನಡೆಸಿಕೊಂಡು ಬಂದಿವೆ. ಎರಡನೆಯದು ಅವುಗಳ ಪಾಲಿಗೆ ಎಷ್ಟರ ಮಟ್ಟಿಗೆ ನಡೆದಿದೆ, ನಡೆಯದಿದ್ದರೆ ಅದಕ್ಕೆ ಕಾರಣವೇನು, ಅದನ್ನು ನಡೆಯಿಸಿಕೊಳ್ಳುವ ಮಾರ್ಗವೇನು ಎಂಬುದನ್ನು ಈ ಪುಸ್ತಿಕೆಯಲ್ಲಿ ವಿಚಾರಿಸಲು ಹೊರಟಿದ್ದೇವೆ. ಏಕೀಕರಣದ ಪುಸ್ತಿಕೆಯಲ್ಲಿ ಕಂದಾಯದ ಮಾತೇಕೆ ಎಂದು ಕೆಲವರು ಕೇಳಬಹುದು. ನಾಡು ಒಂದಾಗಬೇಕೆಂಬ ಆಸೆ ಎಷ್ಟು ದೊಡ್ಡದೋ, ನಾಡು ಒಂದಾಗುವ ತನಕ ಹಳ್ಳಿ ಉಳಿಯಬೇಕೆಂಬ ಚಿಂತೆಯೂ ಅಷ್ಟೇ ದೊಡ್ಡದು. ಜನರು ಬಿಟ್ಟುಹೋದ ಊರಿನ ಮೇಲೆ ಯಾವ ಬಾವುಟ ಹಾರಿದರೇನು?

ನಮ್ಮ ಅಭಿಪ್ರಾಯವನ್ನು ಮೊದಲೇ ಸ್ಪಷ್ಟಪಡಿಸುತ್ತೇವೆ. ದೂರದ ಹಳ್ಳಿಯ ರೈತನು ಎರಡು ಬಗೆಯ ತೆರಿಗೆಯನ್ನು ತೆರುತ್ತಾನೆ. ಒಂದು, ರಸೀದಿಯ ಮೇಲೆ ಬರೆದದ್ದು. ಇನ್ನೊಂದು, ಯಾವ ರಸೀದಿಯಲ್ಲಿಯೂ ಕಾಣದ್ದು: ಕಚೇರಿಗೆ ಹೋಗಿಬರುವ ಬಸ್ಸಿನ ಚಾರ್ಜು, ಆ ದಿನ ತಪ್ಪಿದ ಕೂಲಿ, ದುಡ್ಡು ಕೊಟ್ಟು ತರಿಸುವ ನೀರು, ಪೇಟೆಯಿಂದ ಊರು ಮುಟ್ಟುವುದರೊಳಗೆ ಗೊಬ್ಬರ ಸಿಮೆಂಟುಗಳ ಮೇಲೆ ಏರುವ ಬಾಡಿಗೆ. ಹಳ್ಳಿ ಕನ್ನಡದ್ದಾಗಿ ಕಚೇರಿ ಪರಭಾಷೆಯದಾದರೆ ಇದಕ್ಕೆ ಮೂರನೆಯದೊಂದು ಕೂಡುತ್ತದೆ. ನೋಟೀಸನ್ನು ಓದಿಸುವುದಕ್ಕೂ ಅರ್ಜಿಯನ್ನು ಬರೆಯಿಸುವುದಕ್ಕೂ ಆತನು ಮತ್ತೊಬ್ಬರ ಕೈ ಕಾಯಬೇಕು. ಸರಕಾರವು ಮಾಫಿ ಮಾಡುವುದು ಮೊದಲನೆಯ ತೆರಿಗೆಯನ್ನು. ಆದರೆ ಎರಡನೆಯದನ್ನೂ ಮೂರನೆಯದನ್ನೂ ತೆತ್ತವನಿಗೆ ಮಾತ್ರ ಆ ಮಾಫಿ ದೊರೆಯುವಂತಿದೆ. ಈ ವ್ಯವಸ್ಥೆ ಬದಲಾಗಬೇಕೆಂಬುದೇ ನಮ್ಮ ವಾದ.

ದೂರವೆಂದರೆ ಎಷ್ಟು ದೂರವೆಂಬುದನ್ನು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಆದರೂ ಒಂದು ಗಡಿಯವರ ಪಾಡು ಇನ್ನೊಂದು ಗಡಿಯವರಿಗೆ ತಿಳಿದಿರಲೆಂದು ಬರೆಯುತ್ತೇವೆ. ಜತ್ತ ತಾಲೂಕಿನ ಪೂರ್ವಕ್ಕಿರುವ ಉಮದಿ, ತಿಕ್ಕೊಂಡಿ, ಸಂಖ, ಮಾಡಗ್ಯಾಳ ಮೊದಲಾದ ಊರುಗಳ ಸಂತೆ, ನೆಂಟಸ್ತನ, ದವಾಖಾನೆ ಎಲ್ಲವೂ ವಿಜಯಪುರದ ಕಡೆಗೆ. ಗುಡ್ಡಾಪುರದ ದಾನಮ್ಮನ ಜಾತ್ರೆಗೆ ನಡೆದು ಬರುವ ಭಕ್ತರಲ್ಲಿ ಎಷ್ಟೋ ಮಂದಿ ಗಡಿಯ ಈಚೆಯವರು. ಆದರೆ ಈ ಊರುಗಳ ಜಿಲ್ಲಾ ಕಚೇರಿ ಸಾಂಗ್ಲಿಯಲ್ಲಿದೆ. ತಾಲೂಕನ್ನು ಅಡ್ಡಹಾಯ್ದು ಇನ್ನೂ ಪಶ್ಚಿಮಕ್ಕೆ ಹೋಗಬೇಕು. ದಕ್ಷಿಣದಲ್ಲಿ ತಾಳವಾಡಿಯವರು ಚಾಮರಾಜನಗರದ ನೆರೆಯವರು. ಅವರ ಜಿಲ್ಲಾ ಸ್ಥಳವಾದ ಈರೋಡಿಗೆ ಹೋಗಲು ದಿಂಬಂ ಘಟ್ಟದ 27 ಕಡಿದಾದ ತಿರುವುಗಳನ್ನಿಳಿದು, ಹುಲಿ ಆನೆಗಳ ಕಾಡನ್ನು ದಾಟಬೇಕು. ಕಾಸರಗೋಡಿನ ದೇಲಂಪಾಡಿಯಂತಹ ಘಟ್ಟದ ಬುಡದ ಊರುಗಳಿಗೆ ಸುಳ್ಯದ ಪೇಟೆ ಹತ್ತಿರ, ತಮ್ಮ ಜಿಲ್ಲೆಯ ಕಚೇರಿ ದೂರ. ಗಡಿಯ ಗೆರೆಯನ್ನು ಎಳೆದವರು ನಕಾಶೆಯನ್ನು ನೋಡಿದರೇ ಹೊರತು ಕಾಲುದಾರಿಗಳನ್ನು ನೋಡಲಿಲ್ಲ.

ದೂರದ ಮತ್ತು ಒಣನೆಲದ ಜನರಿಗೆ ಕಂದಾಯದಲ್ಲಿ ಕೈಬಿಗಿ ಸಡಿಲಿಸುವುದು ಹೊಸ ಮಾತೇನೂ ಅಲ್ಲ. ನಮ್ಮ ನಾಡಿನ ಹಳೆಯ ಅರಸರಿಗೆ ಈ ವಿವೇಕ ಚೆನ್ನಾಗಿ ತಿಳಿದಿತ್ತು. ಕೆರೆಯನ್ನು ಕಟ್ಟಿಸಿದವನಿಗೆ, ಕಟ್ಟಿದ ಕೆರೆಯನ್ನು ಕಾಪಾಡಿದವನಿಗೆ ಕಟ್ಟುಕೊಡಗೆ, ಬಿತ್ತುವಟ್ಟ ಎಂಬ ಹೆಸರಿನಿಂದ ಭೂಮಿಯನ್ನು ಬಿಟ್ಟುಕೊಟ್ಟ ಸಂಗತಿ ಕನ್ನಡ ನಾಡಿನ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಎಲ್ಲ ತೆರಿಗೆಗಳಿಂದ ಮುಕ್ತವಾದ ಭೂಮಿಗೆ ಸರ್ವಮಾನ್ಯವೆಂದು ಹೆಸರು. ಮುಂದಿನ ಕಾಲದಲ್ಲಿಯೂ ದಂಡುದಾಳಿಯಿಂದಲೋ ಬರದಿಂದಲೋ ಹಾಳುಬಿದ್ದ ಊರನ್ನು ಮತ್ತೆ ಹೂಡಬೇಕಾದರೆ ರೈತರಿಗೆ ಕೌಲು ಕೊಡುತ್ತಿದ್ದರು. ಮೊದಲ ವರುಷಗಳಲ್ಲಿ ಕಂದಾಯ ಅಲ್ಪ. ಭೂಮಿ ಹದಕ್ಕೆ ಬಂದಂತೆಲ್ಲ ಅದು ಮೆಲ್ಲಗೆ ಏರುವುದು. ಪೂರ್ತಿ ಆಕಾರಕ್ಕೆ ಮುಟ್ಟಲು ಹಲವು ವರುಷಗಳು. ಊರಿನಲ್ಲಿ ಜನ ನಿಂತರೆ ಮಾತ್ರ ಬೊಕ್ಕಸ ನಿಲ್ಲುತ್ತದೆಂಬ ಲೆಕ್ಕ ಆ ಕಾಲದ ಶಾನುಭೋಗನಿಗೂ ಗೊತ್ತಿತ್ತು.

ಇಂಗ್ಲಿಷರ ಆಳಿಕೆಯಲ್ಲಿ ಈ ಮೃದುತನ ಹೋಯಿತು. ಮುಂಬಯಿ ಇಲಾಖೆಯಲ್ಲಿ ಮೋಜಣಿಯಾಗಿ ಹೊಲಕ್ಕೆ ಇಷ್ಟೆಂದು ನಗದು ಆಕಾರ ಗೊತ್ತಾಯಿತು. ಮಳೆ ಬರಲಿ, ಬಾರದಿರಲಿ, ಆಕಾರ ತಪ್ಪದು. 1876ರಿಂದ 1878ರ ವರೆಗಿನ ಘೋರ ಕ್ಷಾಮದಲ್ಲಿ ವಿಜಯಪುರ ಸೊಲ್ಲಾಪುರ ಸೀಮೆಗಳು ಬೆಂದುಹೋದ ಮೇಲೆ, 1880ರ ಕ್ಷಾಮ ಆಯೋಗದವರು ಬರಗಾಲದಲ್ಲಿ ವಸೂಲಿಯನ್ನು ತಡೆಹಿಡಿಯುವ, ಬಿಡುವ ಅಗತ್ಯವನ್ನು ಒಪ್ಪಿದರು. ಬೆಳೆಯನ್ನು ಆಣೆಗಳಲ್ಲಿ ಎಣಿಸುವ ಆಣೇವಾರಿ ಪದ್ಧತಿ ಇದಕ್ಕೆ ಅಳತೆಗೋಲಾಯಿತು. 1918ರಲ್ಲಿ ಖೇಡಾ ಜಿಲ್ಲೆಯ ರೈತರು ಗಾಂಧೀಜಿಯವರ ನಾಯಕತ್ವದಲ್ಲಿ ಹೋರಾಡಿದ್ದು ಇದೇ ವಿಷಯಕ್ಕೆ. ಬೆಳೆ ನಾಲ್ಕಾಣೆ ಅಥವಾ ಅದಕ್ಕಿಂತ ಕಡಿಮೆ ಬಂದರೆ ಆ ವರುಷದ ವಸೂಲಿಯನ್ನು ನಿಲ್ಲಿಸುವಂತೆ ಕೇಳುವ ಹಕ್ಕು ರೈತನಿಗಿತ್ತು. ಬೆಳೆ ನಾಲ್ಕಾಣೆಯೊಳಗೆ ಎಂದು ರೈತರು. ಅಲ್ಲ, ಮೇಲೆ ಎಂದು ಅಧಿಕಾರಿಗಳು. ಅಂದರೆ ಕಾನೂನಿನ ವಿಷಯದಲ್ಲಿ ಜಗಳವಿರಲಿಲ್ಲ. ಬೆಳೆಯನ್ನು ಎಣಿಸುವ ಅಧಿಕಾರ ಯಾರದೆಂಬುದೇ ಜಗಳ. 1930ರ ದಶಕದ ಆರಂಭದಲ್ಲಿ ನಮ್ಮವರೇ ಆದ ಅಂಕೋಲೆ ಸಿದ್ದಾಪುರಗಳ ರೈತರು ಕರನಿರಾಕರಣೆ ಮಾಡಿ ಹೊಲಮನೆಗಳನ್ನು ಕಳೆದುಕೊಂಡರು. ಈ ಇತಿಹಾಸವನ್ನು ನೆನೆಯುವುದು ಕಂದಾಯ ಕೊಡಬೇಡಿರೆಂದು ಹೇಳುವುದಕ್ಕಲ್ಲ. ಸ್ವತಂತ್ರ ದೇಶದಲ್ಲಿ ಆ ಹಾದಿ ಬೇಕಾಗಿಲ್ಲ. ಆದರೆ ಬೆಳೆಯನ್ನು ಎಣಿಸುವವರು ಯಾರೆಂಬ ಪ್ರಶ್ನೆ ಇಂದಿಗೂ ಹಾಗೆಯೇ ಉಳಿದಿದೆ.

ಸದ್ಯದ ಕಾನೂನನ್ನು ನೋಡೋಣ. ಮಹಾರಾಷ್ಟ್ರದಲ್ಲಿ 1966ರ ಜಮೀನು ಮಹಸೂಲು ಸಂಹಿತೆಯ ಮೇರೆಗೆ ಬೆಳೆ ಕೆಟ್ಟ ಪ್ರದೇಶದಲ್ಲಿ ಕಂದಾಯವನ್ನು ಕಡಿಮೆ ಮಾಡುವ, ತಡೆಹಿಡಿಯುವ, ಬಿಡುವ ಅಧಿಕಾರ ಸರಕಾರಕ್ಕಿದೆ. ತಡೆಹಿಡಿಯುವುದಕ್ಕೂ ಬಿಡುವುದಕ್ಕೂ ಭೇದವಿದೆಯೆಂಬುದನ್ನು ಓದುಗರು ಗಮನಿಸಬೇಕು. ಅಲ್ಲಿಯ ಕಚೇರಿಯ ಮಾತಿನಲ್ಲಿ ತಹಕೂಬಿ ಎಂದರೆ ಈ ವರುಷದ ಬಾಕಿಯನ್ನು ಮುಂದಕ್ಕೆ ಹಾಕುವುದು. ಸೂಟ ಎಂದರೆ ಬಾಕಿಯನ್ನೇ ಅಳಿಸಿಬಿಡುವುದು. ಆಣೆಗಳು ಹೋಗಿ ಪೈಸೆಗಳು ಬಂದುದರಿಂದ ಆಣೇವಾರಿಗೆ ಈಗ ಪೈಸೇವಾರಿಯೆಂದು ಹೆಸರು. ಊರಿನ ಬೆಳೆ ಐವತ್ತು ಪೈಸೆಗಿಂತ ಕಡಿಮೆ ಎಂದು ಗೊತ್ತಾದರೆ ಆ ಊರು ಟಂಚಾಯಿಯ, ಎಂದರೆ ಅಭಾವದ, ಊರೆನಿಸುತ್ತದೆ. ಈ ಎಣಿಕೆಯನ್ನು ಮಾಡುವ ಗ್ರಾಮ ಸಮಿತಿಯಲ್ಲಿ ಮಹಸೂಲು ನೌಕರರೊಡನೆ ಸರಪಂಚರಿಗೂ, ಸಹಕಾರಿ ಸಂಘದ ಅಧ್ಯಕ್ಷರಿಗೂ, ಊರ ರೈತರಿಗೂ ಸ್ಥಾನವಿದೆ. ಗೊತ್ತುಮಾಡಿದ ಹೊಲಗಳಲ್ಲಿ ಬೆಳೆಯನ್ನು ಕೊಯ್ದು ತೂಗಬೇಕು. ಮೊದಲು ಕಣ್ಣಂದಾಜಿನ ಪೈಸೇವಾರಿ, ಆಮೇಲೆ ತಿದ್ದಿದ್ದು, ಕೊನೆಗೆ ಅಂತಿಮವಾದದ್ದು, ಹೀಗೆ ಮೂರು ಹಂತಗಳು. ಖೇಡಾದ ರೈತರಿಗೆ ಇಲ್ಲದಿದ್ದ ಸ್ಥಾನವೊಂದು ಇಂದಿನ ರೈತನಿಗೆ ಇದೆ. ಆದರೆ ಆ ಸಮಿತಿ ಯಾವಾಗ ಸೇರಿತು, ಯಾರ ಹೊಲದಲ್ಲಿ ತೂಕವಾಯಿತು, ಎಷ್ಟು ಪೈಸೆ ಬರೆದರು ಎಂಬುದನ್ನು ವಿಚಾರಿಸುವವರು ನಮ್ಮ ಊರುಗಳಲ್ಲಿ ಎಷ್ಟು ಜನ?

ಎಕರೆಗೆ ಕೆಲವೇ ರೂಪಾಯಿಗಳ ಶೇತಸಾರಾ. ಅದನ್ನು ಬಿಟ್ಟರೆಷ್ಟು, ಬಿಡದಿದ್ದರೆಷ್ಟು ಎಂದು ಅನೇಕರು ತಾತ್ಸಾರ ಮಾಡುತ್ತಾರೆ. ಇದು ತಪ್ಪು ಲೆಕ್ಕ. ಕಂದಾಯ ಅಲ್ಪವಾದದ್ದು ನಿಜ. ಆದರೆ ಮಾಫಿಯ ಪಟ್ಟಿ ಅಲ್ಪವಾದದ್ದಲ್ಲ. 2018ರ ಅಕ್ಟೋಬರ ಕೊನೆಗೆ ಮಹಾರಾಷ್ಟ್ರ ಸರಕಾರ 151 ತಾಲೂಕುಗಳಲ್ಲಿ ಬರವನ್ನು ಸಾರಿತು. ಜತ್ತ ತಾಲೂಕು ಅವುಗಳಲ್ಲಿ ಒಂದು. ಆ ಘೋಷಣೆಯಿಂದ ಬಂದ ಸವಲತ್ತುಗಳನ್ನು ನೋಡಿರಿ: ಜಮೀನಿನ ಕಂದಾಯದಲ್ಲಿ ಸೂಟ, ಸಹಕಾರಿ ಸಾಲಗಳಿಗೆ ಹೊಸ ಕಂತುಗಳು, ಬೇಸಾಯದ ಸಾಲದ ವಸೂಲಿಗೆ ತಡೆ, ಪಂಪುಸೆಟ್ಟಿನ ಕರೆಂಟು ಬಿಲ್ಲಿನಲ್ಲಿ ನೂರಕ್ಕೆ 33.5ರಷ್ಟು ಕಡಿತ, ಅಭಾವದ ಊರಲ್ಲಿ ಪಂಪಿನ ಕರೆಂಟು ಕಡಿಯದಿರುವುದು, ವಿದ್ಯಾರ್ಥಿಗಳ ಪರೀಕ್ಷಾ ಶುಲ್ಕದ ಮಾಫಿ, ಉದ್ಯೋಗದ ಕಾಮಗಾರಿಗಳ ನಿಯಮಗಳಲ್ಲಿ ಸಡಿಲು, ಕುಡಿಯುವ ನೀರಿಗೆ ಟ್ಯಾಂಕರು. ಕಂದಾಯದ ಸೂಟ ಈ ಸರಪಣಿಯ ಮೊದಲ ಕೊಂಡಿ. ಊರು ಪಟ್ಟಿಯಿಂದ ಬಿಟ್ಟುಹೋಯಿತೆಂದರೆ ರೈತನು ಕಳೆದುಕೊಳ್ಳುವುದು ನಾಲ್ಕಾರು ರೂಪಾಯಿಗಳನ್ನಲ್ಲ. ಸೊಸಾಯಿಟಿಯ ನೋಟೀಸು ಮನೆಗೆ ಬರುತ್ತದೆ. ಮಗಳ ಪರೀಕ್ಷೆಯ ಫೀಜಿಗೆ ಕುರಿ ಮಾರಬೇಕಾಗುತ್ತದೆ. ಮಾಡಗ್ಯಾಳದ ಕುರಿ ದೇಶಕ್ಕೆ ಹೆಸರಾದ ತಳಿ. ಅದು ಬರದ ವರುಷ ಸಂತೆಯಲ್ಲಿ ಯಾವ ದರಕ್ಕೆ ಹೋಗುತ್ತದೆಂಬುದು ಮಾರಿದವನಿಗೆ ಗೊತ್ತು.

ಹಾಗಾದರೆ ಪಟ್ಟಿಯನ್ನು ಮಾಡುವುದು ಹೇಗೆ? ಮೊದಲು ಪೈಸೇವಾರಿಯೇ ಮುಖ್ಯವಾಗಿತ್ತು. 2016ರಲ್ಲಿ ಕೇಂದ್ರ ಸರಕಾರ ಬರ ನಿರ್ವಹಣೆಯ ಕೈಪಿಡಿಯನ್ನು ಪರಿಷ್ಕರಿಸಿದ ತರುವಾಯ ಮಳೆಯ ಕೊರತೆ, ಉಪಗ್ರಹಗಳು ತೋರಿಸುವ ಬೆಳೆಯ ಹಸಿರು, ಮಣ್ಣಿನ ತೇವ, ಅಂತರ್ಜಲ ಮುಂತಾದ ಸೂಚಿಗಳಿಂದ ಬರವನ್ನು ನಿರ್ಣಯಿಸುವ ಪದ್ಧತಿ ಬಂದಿದೆ. ಶಾಸ್ತ್ರೀಯ ವಿಧಾನಕ್ಕೆ ನಮ್ಮ ವಿರೋಧವಿಲ್ಲ. ಆದರೆ ತಾಲೂಕು ಎಂಬ ದೊಡ್ಡ ಪಾತ್ರೆಯಲ್ಲಿ ಅಳೆದಾಗ ಒಂದು ಮೂಲೆಯ ಮಳೆ ಇನ್ನೊಂದು ಮೂಲೆಯ ಬರವನ್ನು ಮರೆಮಾಡುತ್ತದೆ. 2023ರ ಅಕ್ಟೋಬರ ಕೊನೆಗೆ ಹೊರಬಿದ್ದ ಪಟ್ಟಿಯಲ್ಲಿ 40 ತಾಲೂಕುಗಳಿದ್ದವು. ಸಾಂಗ್ಲಿ ಜಿಲ್ಲೆಯ ಶಿರಾಳಾ, ಕಡೇಗಾಂವ, ಖಾನಾಪುರ, ಮಿರಜ ತಾಲೂಕುಗಳು ಅದರಲ್ಲಿದ್ದವು, ಜತ್ತ ಇರಲಿಲ್ಲ. ಸೊಲ್ಲಾಪುರ ಜಿಲ್ಲೆಯ ಐದು ತಾಲೂಕುಗಳಿದ್ದವು, ಅಕ್ಕಲಕೋಟೆ ಇರಲಿಲ್ಲ. ಮಳೆನೆರಳಿನ ಸೀಮೆಯೆಂದು ಇಡೀ ರಾಜ್ಯವೇ ಬಲ್ಲ ಜತ್ತ ಬರದ ಮೊದಲ ಪಟ್ಟಿಯಲ್ಲಿ ಇಲ್ಲದಿರುವುದನ್ನು ಕಂಡು ಬೆರಗಾಗದವರಾರು?

ಆಮೇಲೆ ಸರಕಾರ ತನ್ನ ಅಳತೆಯನ್ನು ತಿದ್ದಿಕೊಂಡಿತು. ನವೆಂಬರ ತಿಂಗಳಲ್ಲಿ, ಜೂನದಿಂದ ಸಪ್ಟಂಬರದ ವರೆಗಿನ ಮಳೆ ಸರಾಸರಿಯ ನೂರಕ್ಕೆ 75ಕ್ಕಿಂತಲೂ, ಒಟ್ಟು 750 ಮಿಲಿಮೀಟರಿಗಿಂತಲೂ ಕಡಿಮೆಯಾದ 959 ಮಹಸೂಲು ಮಂಡಲಗಳಲ್ಲಿ ಬರಸದೃಶ ಪರಿಸ್ಥಿತಿಯನ್ನು ಸಾರಿತು. ತಾಲೂಕನ್ನು ಬಿಟ್ಟು ಮಂಡಲಕ್ಕೆ ಇಳಿದದ್ದು ನ್ಯಾಯದ ಕಡೆಗೆ ಇಟ್ಟ ಹೆಜ್ಜೆಯೆಂದು ನಾವು ಮುಕ್ತವಾಗಿ ಒಪ್ಪುತ್ತೇವೆ. ಆದರೆ ಒಂದು ಮಂಡಲವೆಂದರೆ ಹಲವು ಹಳ್ಳಿಗಳು. ಮಳೆಮಾಪಕವಿರುವ ಊರಿನಲ್ಲಿ ಸುರಿದ ಮಳೆ ಮಂಡಲದ ಕಡೆಯ ಊರಿನಲ್ಲಿ ಸುರಿಯಬೇಕೆಂಬ ನಿಯಮವಿಲ್ಲ. ಶ್ರಾವಣದ ಮಳೆ ಹೊಲದ ಬದುವನ್ನು ನೋಡಿಕೊಂಡು ನಿಲ್ಲುತ್ತದೆಂಬುದು ಒಕ್ಕಲಿಗನಿಗೆ ತಿಳಿಯದ್ದೇನೂ ಅಲ್ಲ. ಆದ್ದರಿಂದ ಅಳತೆ ಇನ್ನೊಂದು ಮೆಟ್ಟಿಲು ಇಳಿದು ಹಳ್ಳಿಯನ್ನು ಮುಟ್ಟಬೇಕು.

ಇನ್ನು ಭಾಷೆಯ ಮಾತು. ಪೈಸೇವಾರಿಯ ಪ್ರಕಟಣೆ, ಬರದ ಆಜ್ಞೆ, ಸಾಲದ ಹೊಸ ಕಂತಿನ ಕರಾರುಪತ್ರ ಇವೆಲ್ಲ ಬರುವುದು ಮರಾಠಿಯಲ್ಲಿ. ಮರಾಠಿ ನಮಗೆ ಶತ್ರುವಲ್ಲ. ಜತ್ತ ಅಕ್ಕಲಕೋಟೆಗಳ ಕನ್ನಡಿಗರು ಮರಾಠಿಯನ್ನು ಮನೆಯ ಎರಡನೆಯ ಮಾತಿನಂತೆ ಆಡುತ್ತಾರೆ. ಸಂತರ ಅಭಂಗಗಳನ್ನೂ ಶರಣರ ವಚನಗಳನ್ನೂ ಒಂದೇ ಭಜನೆಯಲ್ಲಿ ಹಾಡಿದ ನೆಲ ಅದು. ಆದರೆ ಸಂತೆಯಲ್ಲಿ ಆಡುವ ಮಾತು ಬೇರೆ, ಕಚೇರಿಯ ಆಜ್ಞೆಯ ಬರವಣಿಗೆ ಬೇರೆ. ಕನ್ನಡ ಶಾಲೆಯಲ್ಲಿ ಓದಿದ ರೈತನಿಗೂ, ಓದೇ ಇಲ್ಲದ ವಿಧವೆಗೂ ಆ ಬರವಣಿಗೆ ಬಿಡಿಸಲಾಗದ ಗಂಟು. ಈ ವಿಷಯದಲ್ಲಿ ದೇಶದ ಕಾನೂನು ನಮ್ಮ ಕೈ ಬಿಟ್ಟಿಲ್ಲ. ಸಂವಿಧಾನದ 350ನೆಯ ಅನುಚ್ಛೇದದ ಪ್ರಕಾರ ಯಾವ ಪ್ರಜೆಯಾದರೂ ತನ್ನ ಅಹವಾಲನ್ನು ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವ ಅಧಿಕಾರಿಗಾದರೂ ಸಲ್ಲಿಸಬಹುದು. ಜಿಲ್ಲೆಯಲ್ಲಾಗಲಿ ತಾಲೂಕಿನಂತಹ ಚಿಕ್ಕ ಘಟಕದಲ್ಲಾಗಲಿ ನೂರಕ್ಕೆ 15ರಿಂದ 20ರಷ್ಟು ಜನರ ಭಾಷೆ ಬೇರೆಯಾಗಿದ್ದರೆ ಮುಖ್ಯವಾದ ಸರಕಾರಿ ಪ್ರಕಟಣೆಗಳನ್ನು ಅವರ ಭಾಷೆಯಲ್ಲಿಯೂ ಹೊರಡಿಸಬೇಕೆಂದು 1961ರ ಮುಖ್ಯಮಂತ್ರಿಗಳ ಸಮ್ಮೇಳನ ಒಪ್ಪಿದೆ. ಕೇರಳದ 1969ರ ಅಧಿಕೃತ ಭಾಷೆಗಳ ಕಾನೂನು ಅಲ್ಲಿಯ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸುವ ಹಕ್ಕನ್ನು ಕೊಟ್ಟಿದೆ. ಇಷ್ಟೆಲ್ಲ ಇದ್ದೂ ಕಂದಾಯದ ಕಾಗದ ಕನ್ನಡದಲ್ಲಿ ಬಾರದಿದ್ದರೆ ಕೊರತೆಯಿರುವುದು ಕಾನೂನಿನಲ್ಲಲ್ಲ, ನಡೆಯಿಸುವವರಲ್ಲಿ. ಕೇಳದೆ ಸುಮ್ಮನಿರುವ ನಮ್ಮಲ್ಲಿಯೂ ಸ್ವಲ್ಪ ಇದೆ.

ದೂರಕ್ಕೆಂದು ತೆರಿಗೆಯಲ್ಲಿ ರಿಯಾಯಿತಿ ಕೊಡುವುದು ಆರ್ಥಿಕ ನೀತಿಗೆ ವಿರುದ್ಧವೆಂದು ಪಂಡಿತರು ಆಕ್ಷೇಪಿಸಬಹುದು. ಸರಕಾರಗಳೇ ಈ ನೀತಿಯನ್ನು ಎಂದೋ ಒಪ್ಪಿವೆ. ಮಹಾರಾಷ್ಟ್ರದಲ್ಲಿ 1964ರಿಂದ ಉದ್ಯಮಗಳಿಗೆ ಪ್ರೋತ್ಸಾಹ ಕೊಡುವ ಯೋಜನೆಯಿದೆ. ತಾಲೂಕುಗಳನ್ನು ಮುಂದುವರಿದವು, ಹಿಂದುಳಿದವು ಎಂದು ವರ್ಗ ಮಾಡಿ, ಹಿಂದುಳಿದ ಕಡೆ ಕಾರಖಾನೆ ಹಾಕುವವರಿಗೆ ತೆರಿಗೆಯ ಹಣವನ್ನು ಮರಳಿ ಕೊಡುವ ಪದ್ಧತಿ ಅದರಲ್ಲಿದೆ. ಈಶಾನ್ಯದ ಕೆಲವು ರಾಜ್ಯಗಳಲ್ಲಿಯೂ ಲಡಾಖದಲ್ಲಿಯೂ ನೆಲಸಿದ ಬುಡಕಟ್ಟಿನ ಜನರು ಅಲ್ಲಿ ಗಳಿಸಿದ ವರಮಾನಕ್ಕೆ ಆದಾಯ ತೆರಿಗೆಯ ವಿನಾಯಿತಿಯಿದೆ. ಅದು ಯೋಗ್ಯವೇ ಆಗಿದೆ. 1961ರ ಆದಾಯ ತೆರಿಗೆ ಕಾನೂನು ದುರ್ಗಮ ಸ್ಥಳಗಳಲ್ಲಿಯೂ ಗಡಿಯ ಪ್ರದೇಶಗಳಲ್ಲಿಯೂ ಕೆಲಸಮಾಡುವ ನೌಕರರ ವಿಶೇಷ ಭತ್ಯೆಯ ಒಂದು ಭಾಗವನ್ನು ತೆರಿಗೆಯಿಂದ ಬಿಟ್ಟಿತ್ತು. ದೂರದ ತಾಲೂಕಿಗೆ ಹೊಸದಾಗಿ ಬರುವ ಕಾರಖಾನೆಗೆ ರಿಯಾಯಿತಿ ಯೋಗ್ಯವಾದರೆ, ಅದೇ ತಾಲೂಕಿನಲ್ಲಿ ನೂರಾರು ವರುಷಗಳಿಂದ ನೆಲವನ್ನು ಉತ್ತು ಕಾದುಕೊಂಡು ಬಂದ ರೈತನಿಗೆ ಅದೇಕೆ ಯೋಗ್ಯವಲ್ಲ? ದೂರದಲ್ಲಿ ಎರಡು ವರುಷ ನೌಕರಿ ಮಾಡಿದವನ ಕಷ್ಟಕ್ಕೆ ಲೆಕ್ಕವಿದ್ದರೆ, ಅಲ್ಲಿಯೇ ಹುಟ್ಟಿ ಅಲ್ಲಿಯೇ ಮಣ್ಣಾಗುವವನ ಕಷ್ಟಕ್ಕೆ ಲೆಕ್ಕ ಬೇಡವೆ?

ಕಾಸರಗೋಡಿನ ಬಂಧುಗಳ ಸ್ಥಿತಿ ಇನ್ನೊಂದು ಬಗೆಯದು. ಅಲ್ಲಿ ಮಳೆಗೆ ಕೊರತೆಯಿಲ್ಲ, ತೀರ್ವೆ ಏರಿದೆ. ಕೇರಳ ಸರಕಾರ 2025ರ ಮುಂಗಡಪತ್ರದಲ್ಲಿ ಭೂ ತೆರಿಗೆಯನ್ನು ನೂರಕ್ಕೆ 50ರಷ್ಟು ಹೆಚ್ಚಿಸಿತು. ಪಂಚಾಯತಿನ ವ್ಯಾಪ್ತಿಯಲ್ಲಿ 8.1 ಆರ್, ಎಂದರೆ ಸುಮಾರು 20 ಸೆಂಟ್ಸಿನ ವರೆಗಿನ ಭೂಮಿಗೆ ಆರ್ ಒಂದಕ್ಕೆ 5 ರೂಪಾಯಿ ಇದ್ದದ್ದು 7 ರೂಪಾಯಿ 50 ಪೈಸೆಯಾಯಿತು. ಅದಕ್ಕೆ ಮೇಲ್ಪಟ್ಟ ಭೂಮಿಗೆ 8 ರೂಪಾಯಿ ಇದ್ದದ್ದು 12 ರೂಪಾಯಿಯಾಯಿತು. ಪಂಚಾಯತಿಗೆ ಒಂದು ದರ, ನಗರಸಭೆಗೆ ಒಂದು, ಮಹಾನಗರಕ್ಕೆ ಒಂದು ಎಂಬ ಭೇದ ಆ ಕಾನೂನಿನಲ್ಲಿದೆ. ಆದರೆ ಪೇಟೆಗೆ ಅಂಟಿಕೊಂಡ ಪಂಚಾಯತಿಗೂ ಘಟ್ಟದ ಬುಡದ ಪಂಚಾಯತಿಗೂ ಭೇದವಿಲ್ಲ. ರೋಗ ಬಿದ್ದ ಅಡಕೆಯ ತೋಟವೂ ರಾಷ್ಟ್ರೀಯ ಹೆದ್ದಾರಿಯ ಬದಿಯ ನಿವೇಶನವೂ ಒಂದೇ ತಕ್ಕಡಿಯಲ್ಲಿ ತೂಗಲ್ಪಡುತ್ತವೆ. ಇದೇ ಕೇರಳದಲ್ಲಿ 60 ಚದರ ಮೀಟರಿನ ಒಳಗಿನ ವಾಸದ ಮನೆಗೆ, ಒಬ್ಬರಿಗೆ ಒಂದು ಮನೆಯಂತೆ, 2023ರ ಎಪ್ರಿಲದಿಂದ ಮನೆ ತೆರಿಗೆಯ ವಿನಾಯಿತಿ ದೊರೆತಿದೆ. ಇದು ಒಳ್ಳೆಯ ಕೆಲಸ. ಇಂತಹ ಮನೆಯಿದ್ದೂ ತೆರಿಗೆ ಕಟ್ಟುತ್ತಿರುವವರು ಪಂಚಾಯತಿಯ ಕಚೇರಿಯಲ್ಲಿ ಕೂಡಲೇ ವಿಚಾರಿಸಬೇಕು. ರಾಯದುರ್ಗ ಮಡಕಶಿರಾಗಳ ಕಡೆ ಆಂಧ್ರ ಸರಕಾರ ಬರವನ್ನು ಸಾರುವುದು ಮಂಡಲವಾರು. ಜತ್ತದ ಹಳ್ಳಿಗಳಿಗೆ ಹೇಳಿದ ಮಾತು ಅಲ್ಲಿಯೂ ಸಲ್ಲುತ್ತದೆ.

ಈಗ ನಮ್ಮವರಲ್ಲಿಯೇ ಕೆಲವರು ಎತ್ತುವ ಆಕ್ಷೇಪವನ್ನು ನೇರವಾಗಿ ಎದುರಿಸಬೇಕಾಗಿದೆ. ಕರ್ನಾಟಕಕ್ಕೆ ಸೇರಬೇಕೆನ್ನುವವರು ಆಚೆಯ ಸರಕಾರದಿಂದ ರಿಯಾಯಿತಿ ಬೇಡಬಹುದೆ? ಸವಲತ್ತು ಸಿಕ್ಕರೆ ಜನರ ಏಕೀಕರಣದ ಕಾವು ಆರಿಹೋಗುವುದಿಲ್ಲವೆ? 1966ರಲ್ಲಿ ನೇಮಕವಾದ ಮಹಾಜನ ಆಯೋಗ 1967ರಲ್ಲಿ ಅಕ್ಕಲಕೋಟೆಯನ್ನೂ, ಜತ್ತ ಮತ್ತು ದಕ್ಷಿಣ ಸೊಲ್ಲಾಪುರದ ಹಳ್ಳಿಗಳನ್ನೂ, ಚಂದ್ರಗಿರಿಯ ಉತ್ತರದ ಕಾಸರಗೋಡನ್ನೂ ನಮಗೆ ಸೇರಿಸುವಂತೆ ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. ಮಹಾರಾಷ್ಟ್ರ ಸರಕಾರ 2004ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಆಯೋಗದ ವರದಿ ಬಂದ ವರುಷ ಹುಟ್ಟಿದ ಕೂಸಿಗೆ ಇಂದು ಮೊಮ್ಮಕ್ಕಳಿದ್ದಾರೆ. ಅಷ್ಟು ವರುಷಗಳ ಬರವನ್ನು, ಗಡಿ ತೀರ್ಮಾನವಾಗಲೆಂದು ಯಾವ ರೈತನೂ ಕಾಯಿಸಲಾರ. 2022ರ ಕೊನೆಯಲ್ಲಿ ಜತ್ತದ ಹಳ್ಳಿಗಳ ಹಳೆಯ ಠರಾವಿನ ಮಾತು ಎದ್ದಾಗ ನಡೆದದ್ದನ್ನು ನೋಡಿರಿ. ಕರ್ನಾಟಕದ ತುಬಚಿ–ಬಬಲೇಶ್ವರ ಯೋಜನೆಯ ನೀರು ತಿಕ್ಕೊಂಡಿಯ ಕೆರೆಗೆ ಹರಿಯಿತು. ಅತ್ತ ಮಹಾರಾಷ್ಟ್ರವು ಮ್ಹೈಸಾಳ ಏತ ನೀರಾವರಿಯನ್ನು ಈ ಹಳ್ಳಿಗಳಿಗೆ ವಿಸ್ತರಿಸಲು ಮುಂದಾಯಿತು. ಕೇಳಿದವರಿಗೆ ಎರಡೂ ಕಡೆಯಿಂದ ಉತ್ತರ ಬಂತು. ಕೆರೆಯ ನೀರು ಯಾವ ರಾಜ್ಯದ್ದೆಂದು ದನಗಳು ಕೇಳಲಿಲ್ಲ.

ನಾವು ಹೇಳುವುದಿಷ್ಟು. ಏಕೀಕರಣದ ಬೇಡಿಕೆ ನಿಂತಿರುವುದು ಹಸಿವೆಯ ಮೇಲಲ್ಲ, ಭಾಷೆಯ ಮತ್ತು ಬಾಳಿನ ನಂಟಿನ ಮೇಲೆ. ಸವಲತ್ತು ಸಿಕ್ಕೊಡನೆ ಕರಗಿಹೋಗುವ ಬೇಡಿಕೆಯಾದರೆ ಅದು ಬೇಡಿಕೆಯೇ ಅಲ್ಲ. ಮಹಾರಾಷ್ಟ್ರಕ್ಕೋ ಕೇರಳಕ್ಕೋ ಕಂದಾಯ ಕಟ್ಟುವವನು ಅಲ್ಲಿಯ ಪ್ರಜೆಯಾಗಿ ಕಟ್ಟುತ್ತಾನೆ; ಪ್ರಜೆಯಾಗಿಯೇ ಅದರ ಮಾಫಿಯನ್ನೂ ಕೇಳುತ್ತಾನೆ. ಅದರಲ್ಲಿ ದೈನ್ಯವಿಲ್ಲ, ದ್ರೋಹವಂತೂ ಇಲ್ಲವೇ ಇಲ್ಲ. ಈ ಬೇಡಿಕೆಗಳು ನಮ್ಮ ಊರುಗಳ ಮರಾಠಿ, ಮಲೆಯಾಳ, ತಮಿಳು, ತೆಲುಗು ನೆರೆಯವರ ಪರವಾಗಿಯೂ ಇವೆ. ಬರವು ಜಾತಿ ಭಾಷೆ ನೋಡಿ ಬರುವುದಿಲ್ಲ.

ಆದ್ದರಿಂದ ನೆರೆಯ ರಾಜ್ಯಗಳ ಸರಕಾರಗಳ ಮುಂದೆ ನಾವು ಇಡುವ ಬೇಡಿಕೆಗಳು ಇವು. ಒಂದು: ಬರದ ಮತ್ತು ಬೆಳೆಹಾನಿಯ ನಿರ್ಣಯದಲ್ಲಿ ಹಳ್ಳಿಯನ್ನೇ ಘಟಕವಾಗಿ ಹಿಡಿಯಬೇಕು, ಗಡಿಯಂಚಿನ ಊರುಗಳಲ್ಲಿ ಮಳೆಮಾಪಕಗಳನ್ನು ಹೆಚ್ಚಿಸಬೇಕು. ಎರಡು: ಕನ್ನಡಿಗರು ಸಾಕಷ್ಟಿರುವ ತಾಲೂಕುಗಳಲ್ಲಿ ಕಂದಾಯದ ನೋಟೀಸು, ಪೈಸೇವಾರಿಯ ಪ್ರಕಟಣೆ, ಮಾಫಿಯ ಅರ್ಜಿ ಇವು ಕನ್ನಡದಲ್ಲಿಯೂ ದೊರೆಯಬೇಕು. ಮೂರು: ಸತತವಾಗಿ ಬರ ಕಂಡ ದೂರದ ಊರುಗಳಿಗೆ ತಹಕೂಬಿಯ ಬದಲು ಸೂಟವನ್ನೇ ಕೊಡಬೇಕು, ಇಲ್ಲವಾದರೆ ಹಿಂದಿನ ಬಾಕಿ ಮುಂದಿನ ಬೆಳೆಯನ್ನು ನುಂಗುತ್ತದೆ. ನಾಲ್ಕು: ಭೂ ತೆರಿಗೆಯ ದರವನ್ನು ಗೊತ್ತುಪಡಿಸುವಾಗ ಪಂಚಾಯತಿಗಳಲ್ಲಿ ದುರ್ಗಮವಾದವುಗಳಿಗೆ ಬೇರೆ ವರ್ಗ ಮಾಡಬೇಕು. ಐದು: ಕಚೇರಿಯೇ ಹಳ್ಳಿಗೆ ಬರಬೇಕು. ಸಂಖದಲ್ಲಿ ಅಪ್ಪರ ತಹಶೀಲ್ದಾರರ ಕಚೇರಿ ಆಗಿರುವಂತೆ ಉಳಿದ ಕಡೆಗಳಲ್ಲಿಯೂ ಅಂತಹ ಏರ್ಪಾಟು ಆಗಬೇಕು. ಕರ್ನಾಟಕ ಸರಕಾರಕ್ಕೂ ಒಂದು ಮಾತು: ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವನ್ನು ರಚಿಸಿದ್ದು ಸಂತೋಷದ ಸಂಗತಿ. ಉತ್ಸವ, ಸಭಾಭವನಗಳೊಡನೆ ಒಂದೊಂದು ಗಡಿಯ ಕಂದಾಯ ಕಾನೂನನ್ನು ತಿಳಿಯಾದ ಕನ್ನಡದಲ್ಲಿ ಅಚ್ಚುಹಾಕಿಸಿ ಹಳ್ಳಿಗಳಿಗೆ ಹಂಚಿದರೆ ಅದರಿಂದ ಆಗುವ ಕನ್ನಡದ ಸೇವೆ ಸಣ್ಣದಲ್ಲ.

ಸರಕಾರಗಳಿಗೆ ಹೇಳುವುದನ್ನು ಹೇಳಿದ್ದಾಯಿತು. ಊರವರು ಮಾಡಬೇಕಾದದ್ದೂ ಇದೆ. ಮಹಾರಾಷ್ಟ್ರದಲ್ಲಿ 2021ರ ಅಗಸ್ಟ್ 15ರಿಂದ ಇ-ಪೀಕ ಪಹಣಿ ಬಂದಿದೆ. ರೈತನೇ ಮೊಬೈಲಿನಲ್ಲಿ ತನ್ನ ಬೆಳೆಯನ್ನು ಗೊತ್ತಾದ ಅವಧಿಯೊಳಗೆ ದಾಖಲು ಮಾಡಬೇಕು. ಮಾಡದಿದ್ದರೆ ಉತಾರದಲ್ಲಿ ಬೆಳೆಯ ಕಾಲಮು ಬರಿದಾಗಿ ಉಳಿದು, ಬೆಳೆ ಹಾಳಾಯಿತೆಂದು ತೋರಿಸುವುದೇ ಕಷ್ಟವಾಗುತ್ತದೆ. ಊರಿನ ಓದಿದ ಹುಡುಗ ಹುಡುಗಿಯರು ತಮ್ಮ ಓಣಿಯ ವೃದ್ಧರ, ವಿಧವೆಯರ, ದುಡಿಯಲು ಪರಸ್ಥಳಕ್ಕೆ ಹೋದವರ ಹೊಲಗಳ ದಾಖಲೆಯನ್ನು ಮಾಡಿಕೊಡುವ ವ್ರತ ಹಿಡಿಯಲಿ. ಪೈಸೇವಾರಿ ಸಮಿತಿ ಯಾವ ದಿನ ಸೇರುವುದೆಂದು ಸರಪಂಚರನ್ನು ಮುಂದಾಗಿ ಕೇಳಿರಿ. ಬೆಳೆ ಕೊಯ್ದು ತೂಗುವಾಗ ನಾಲ್ಕು ಜನ ಹೊಲದಲ್ಲಿ ಹಾಜರಿರಿ. ಅಂದಾಜು ಪೈಸೇವಾರಿ ಪ್ರಕಟವಾದೊಡನೆ ಓದಿಸಿ ನೋಡಿರಿ. ತಪ್ಪಿದ್ದರೆ ಅಂತಿಮವಾಗುವುದರೊಳಗೆ ಗ್ರಾಮಸಭೆಯಲ್ಲಿ ಠರಾವು ಮಾಡಿ ಆಕ್ಷೇಪ ಸಲ್ಲಿಸಿರಿ. ಅರ್ಜಿಯನ್ನು ಕನ್ನಡದಲ್ಲಿಯೇ ಬರೆಯಿರಿ. ಜೊತೆಗೆ ಅಲ್ಲಿಯ ಭಾಷೆಯ ಒಂದು ಪ್ರತಿಯಿದ್ದರೆ ಕೆಲಸ ಬೇಗ ಸಾಗುತ್ತದೆ, ಅದರಲ್ಲಿ ಮಾನಭಂಗವೇನೂ ಇಲ್ಲ. ತಾರೀಖು ಮತ್ತು ಶಿಕ್ಕೆ ಹಾಕಿಸಿದ ಪೋಚು ಇಲ್ಲದೆ ಕಚೇರಿಯಿಂದ ಹಿಂತಿರುಗಬೇಡಿರಿ. ಕಟ್ಟಿದ ಕಂದಾಯದ ಪಾವತಿಗಳನ್ನು ಜೋಪಾನವಾಗಿಡಿರಿ. ಈ ನೆಲದಲ್ಲಿ ನಾವು ಇಷ್ಟು ಕಾಲದಿಂದ ಇದ್ದೇವೆಂಬುದಕ್ಕೂ ಅವೇ ಸಾಕ್ಷಿ.

ಬಂಧುಗಳೆ, ಗಡಿಯ ಪ್ರಶ್ನೆಯನ್ನು ನ್ಯಾಯಾಲಯವೂ ಸಂಸತ್ತೂ ಎಂದು ತೀರ್ಮಾನಿಸುವವೋ ತಿಳಿಯದು. ಅದಕ್ಕಾಗಿ ನಮ್ಮ ಸಮಿತಿಯ ದುಡಿಮೆ ನಿಲ್ಲದು. ಆದರೆ ನಿಮ್ಮ ಊರಿನ ಪೈಸೇವಾರಿ ಈ ವರುಷವೇ ತೀರ್ಮಾನವಾಗುತ್ತದೆ. ಅದರ ಪ್ರಕಟಣೆಯ ಪ್ರತಿಯನ್ನೂ, ನೀವು ಕೊಟ್ಟ ಅರ್ಜಿಯ ಪ್ರತಿಯನ್ನೂ, ಬಂದ ಉತ್ತರವನ್ನೂ ಸಮಿತಿಗೆ ಕಳುಹಿಸಿಕೊಡಿರಿ. ಹಳ್ಳಿ ಹಳ್ಳಿಯ ಈ ಕಾಗದಗಳನ್ನು ಒಟ್ಟುಗೂಡಿಸಿ ಭಾಷಾ ಅಲ್ಪಸಂಖ್ಯಾತರ ಆಯುಕ್ತರ ಮುಂದೆಯೂ ಆಯಾ ರಾಜ್ಯದ ಮಹಸೂಲು ಮಂತ್ರಿಗಳ ಮುಂದೆಯೂ ಇಡಬೇಕೆಂಬುದು ನಮ್ಮ ಸಂಕಲ್ಪ. ಆ ಕೆಲಸಕ್ಕೆ ಮೊದಲ ಕಾಗದ ನಿಮ್ಮ ಊರಿನಿಂದ ಬರಲಿ.